ಪರದೆ ಇಳಿಸಿದ ದಿನ

ನರ್ಸಮ್ಮ ಮತ್ತು ಕಂಡಕ್ಟರಮ್ಮ ಒಂದೇ ಕೋಣೆಯಲ್ಲಿ ವರ್ಷದಿಂದ ಬಾಡಿಗೆಗಿದ್ದರೂ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಿರಲಿಲ್ಲ. ಇದ್ದದ್ದು ಒಂದೇ ಮಂಚ. ನರ್ಸಮ್ಮನಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ, ಕಂಡಕ್ಟರಮ್ಮನಿಗೆ ಬಸ್ಸಿನಲ್ಲಿ ಹಗಲು ಪಾಳಿ. ಒಬ್ಬಳು ಎದ್ದು ಹೋದ ಹಾಸಿಗೆಗೆ ಇನ್ನೊಬ್ಬಳು ಬಂದು ಬೀಳುವುದು ಮಹಡಿಯಲ್ಲಿದ್ದ ಮನೆಯೊಡತಿ ಅಜ್ಜಿ ಮಾಡಿಕೊಟ್ಟ ಏರ್ಪಾಡು. ವಾರದ ರಜೆ ಇಬ್ಬರಿಗೂ ಬೇರೆ ಬೇರೆ ದಿನ, ಆಗ ರಜೆಯವಳು ತನ್ನ ಊರಿಗೆ ಹೋಗಿಬಿಡುತ್ತಿದ್ದಳು. ಬಾಗಿಲಲ್ಲಿ ಎದುರಾದರೆ, "ಹಾಲಿದೆ", "ಗ್ಯಾಸ್ ಮುಗೀತಾ ಬಂತು" ಎಂಬಷ್ಟೇ ಮಾತು.

ಒಂದು ದಿನ ಡಿಪೋದಲ್ಲಿ ಮುಷ್ಕರವಾಗಿ ಬಸ್ಸುಗಳು ಹೊರಡಲಿಲ್ಲ. ಬೆಳಿಗ್ಗೆ ನರ್ಸಮ್ಮ ಆಕಳಿಸುತ್ತ ಬಾಗಿಲು ತಳ್ಳಿದರೆ ಮಂಚದ ಮೇಲೆ ಕಂಡಕ್ಟರಮ್ಮ ಕುಳಿತಿದ್ದಾಳೆ.

"ಬನ್ನಿ ಬನ್ನಿ, ಕೂತ್ಕೊಳ್ಳಿ," ಎಂದು ಕಂಡಕ್ಟರಮ್ಮ ಗಡಬಡಿಸಿ ಎದ್ದಳು, ನೆಂಟರು ಬಂದ ಹಾಗೆ.

"ಪರವಾಗಿಲ್ಲ, ನೀವು ಕೂತಿರಿ. ಚಹಾ ಮಾಡ್ಲಾ?"

"ನಿಮಗ್ಯಾಕೆ ತೊಂದರೆ, ನಾನು ಮಾಡ್ತೀನಿ."

ಇಬ್ಬರೂ ಒಂದೇ ಪಾತ್ರೆಗೆ ಕೈ ಹಾಕಿ, ಪಾತ್ರೆ ನೆಲಕ್ಕೆ ಬಿದ್ದು ಉರುಳಿತು.

ಚಹಾ ಕುಡಿದು ನರ್ಸಮ್ಮ ಮಲಗಿದಳು. ನಿದ್ದೆ ಹತ್ತಿರ ಸುಳಿಯಲಿಲ್ಲ. ಕಣ್ಣು ಬಿಟ್ಟು ನೋಡಿದರೆ, ಕಿಟಕಿಯ ದಪ್ಪ ಪರದೆಯ ಕತ್ತಲೆಯಲ್ಲಿ ಕಂಡಕ್ಟರಮ್ಮ ಸ್ಟೂಲಿನ ಮೇಲೆ ಗೊಂಬೆಯಂತೆ ಕೂತಿದ್ದಳು.

"ನೀವು ಹಿಂಗೆ ಉಸಿರು ಬಿಗಿಹಿಡಿದು ಕೂತ್ರೆ ನಂಗೆ ನಿದ್ದೆ ಹೆಂಗೆ ಬರುತ್ತೆ?"

"ಸದ್ದಾದೀತು ಅಂತ. ಕತ್ತಲೆಯಲ್ಲಿ ಕೂತು ಕೂತು ನಂಗೂ ಸಾಕಾಯ್ತು. ಆದ್ರೆ ಪರದೆ ನಿಮ್ದು, ನಾನ್ಯಾಕೆ ಮುಟ್ಟಲಿ?"

"ನಂದಾ? ಆ ಪಾಚಿ ಬಣ್ಣದ್ದು? ನಿಮ್ದು ಅಂದ್ಕೊಂಡು ಇಷ್ಟು ದಿನ ಮೂಗು ಮುಚ್ಕೊಂಡು ಮಲಗಿದೀನಲ್ಲ."

ಪರದೆ ಇಬ್ಬರದೂ ಅಲ್ಲ, ಹಿಂದೆ ಇದ್ದವರು ಬಿಟ್ಟು ಹೋದದ್ದು. ಅದು ಗೊತ್ತಾದದ್ದೇ ತಡ, ಕಂಡಕ್ಟರಮ್ಮ ಸ್ಟೂಲು ಹತ್ತಿ ಅದನ್ನು ಕಿತ್ತಳು. ಧೂಳಿಗೆ ಇಬ್ಬರೂ ಸೀನಿ ಸೀನಿ ಸುಸ್ತಾದರು. ಬಿಸಿಲು ಗೋಡೆಯ ತನಕ ಬಂತು.

"ಗೋಡೆ ಹಿಂಗೆ ಬೋಳಾಗಿದೆಯಲ್ಲ," ಎಂದಳು ನರ್ಸಮ್ಮ. "ನನ್ನ ಟ್ರಂಕಲ್ಲಿ ಅಮ್ಮ ಕೊಟ್ಟ ಕನ್ನಡಿ ಇದೆ. ಬೇರೆಯವರ ಮನೇಲಿ ಮೊಳೆ ಹೊಡೆಯೋದು ಹೆಂಗೆ ಅಂತ ಸುಮ್ಮನಿದ್ದೆ."

"ನನ್ನ ರೇಡಿಯೋನೂ ಹಂಗೇ ಟ್ರಂಕಲ್ಲಿ ಬಿದ್ದಿದೆ ಕಣ್ರೀ."

ಎರಡೂ ಟ್ರಂಕು ಮಂಚದಡಿಯಿಂದ ಈಚೆಗೆ ಬಂದವು. ಕನ್ನಡಿ ಗೋಡೆ ಹತ್ತಿತು, ರೇಡಿಯೋ ಹಾಡತೊಡಗಿತು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಮಂಚವನ್ನು ಕಿಟಕಿಗೆ ಸರಿಸೋಣ ಎಂದು ಕಂಡಕ್ಟರಮ್ಮ ಹಟ ಹಿಡಿದಳು.

"ಹಗಲು ಮಲಗೋಳು ನಾನು. ಬಿಸಿಲು ಮುಖಕ್ಕೆ ಹೊಡೆಯಲ್ವೇನೇ?"

"ರಾತ್ರಿ ಸೆಕೆಗೆ ಬೇಯೋಳು ನಾನು. ಅದು ನಿಂಗೆಲ್ಲಿ ಗೊತ್ತಾಗಬೇಕು?"

ಬಹುವಚನ ಯಾವಾಗ ಬಿದ್ದು ಹೋಯಿತೋ ಇಬ್ಬರಿಗೂ ತಿಳಿಯಲಿಲ್ಲ. ಆ ಹೊತ್ತಿನಲ್ಲಿ ಇಬ್ಬರೂ ಮುಖ ಊದಿಸಿಕೊಂಡು ಒಂದೊಂದು ಮೂಲೆ ಹಿಡಿದರು. ನರ್ಸಮ್ಮನಿಗೆ ಸಿಟ್ಟಿನ ನಡುವೆಯೇ ಏನೋ ಹಗುರವೆನಿಸಿತು. ಅಕ್ಕನ ಜೊತೆ ಬಿಟ್ಟರೆ ಅವಳು ಯಾರ ಜೊತೆಯೂ ಹೀಗೆ ಬಾಯಿ ಬಿಟ್ಟು ಜಗಳವಾಡಿರಲಿಲ್ಲ.

ಮಹಡಿಯಿಂದ ಅಜ್ಜಿ ಇಳಿದು ಬಂದರು. "ಏನ್ರಮ್ಮಾ ಗಲಾಟೆ? ಹೊಂದಿಕೆ ಆಗ್ತಿಲ್ವಾ? ಒಬ್ಬರಿಗೆ ಬೇರೆ ರೂಮು ನೋಡ್ಲಾ?"

"ಬೇಡ," ಎಂದರು ಇಬ್ಬರೂ ಒಟ್ಟಿಗೆ, ಅದೂ ಅಜ್ಜಿಯನ್ನೇ ಗದರುವಂತೆ. ಅಜ್ಜಿ ಬಂದ ದಾರಿಗೆ ಸುಂಕವಿಲ್ಲವೆಂಬಂತೆ ಮೆಟ್ಟಿಲು ಹತ್ತಿದರು. ಕಂಡಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ.

"ಹಸಿವಾಗ್ತಿದೆ. ಮೊಟ್ಟೆ ಬೇಯಿಸ್ಲಾ?"

"ಎರಡು ಹೆಚ್ಚಿಗೆ ಹಾಕು," ಎಂದಳು ನರ್ಸಮ್ಮ.

ಮಧ್ಯಾಹ್ನ ರೇಡಿಯೋ ಹಾಡುತ್ತಿದ್ದಂತೆಯೇ ನರ್ಸಮ್ಮ ಗೊರಕೆ ಹೊಡೆಯುತ್ತ ನಿದ್ದೆಹೋದಳು. ಮಂಚ ಇದ್ದಲ್ಲೇ ಉಳಿಯಿತು.

ಮರುದಿನ ಬಸ್ಸುಗಳು ಓಡಿದವು. ಹೊಸ ಪರದೆಗೆ ನೀಲಿಯೋ ಹಳದಿಯೋ ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ, ಕಿಟಕಿಗೆ ಸದ್ಯ ಒಂದು ಹಳೇ ಹೊದಿಕೆ ತೂಗುತ್ತಿದೆ. ಇಬ್ಬರೂ ತಂತಮ್ಮ ಮೇಲಧಿಕಾರಿಗಳನ್ನು ಕಾಡಿ ಬೇಡಿ ವಾರದ ರಜೆಯನ್ನು ಒಂದೇ ದಿನಕ್ಕೆ ಹಾಕಿಸಿಕೊಂಡಿದ್ದಾರೆ. ಆ ದಿನ ಮಂಚ ಯಾರಿಗೆ ಎಂಬುದಕ್ಕೆ ಬೇರೆಯೇ ಜಗಳ.