ನೋವಿಲ್ಲದ ಕೆಂಪು

ಆ ಮನೆಯಲ್ಲಿ ಕಾಯಿಲೆ ಬೀಳುವ ಹಕ್ಕು ಇದ್ದದ್ದು ಗಂಡನೊಬ್ಬನಿಗೇ. ಅವನದು ಬಸ್ಸು ಓಡಿಸುವ ಕೆಲಸ. ನಡುನಡುವೆ ಇಳಿಯುವ ತಾಪತ್ರಯ ಬೇಡವೆಂದು ನೀರನ್ನೇ ಕುಡಿಯದೆ ದಿನಗಟ್ಟಲೆ ಸೀಟಿಗೆ ಅಂಟಿ ಕೂತು, ಆರು ವರ್ಷದ ಹಿಂದೆ ಕಿಡ್ನಿಯಲ್ಲಿ ಕಲ್ಲು ಮಾಡಿಕೊಂಡಿದ್ದ. ಆಗ ಅವನು ಹಾಕಿದ ಬೊಬ್ಬೆಗೆ ಮೂರು ಮಹಡಿಯ ಜನ ಬಾಗಿಲು ತೆಗೆದು ಓಡಿ ಬಂದಿದ್ದರು. ಪಕ್ಕೆಯಿಂದ ತೊಡೆಸಂದಿಗೆ ಚೂರಿ ಹಾಕಿ ಎಳೆದಂಥ ನೋವು, ವಾಂತಿ, ಉಚ್ಚೆಯಲ್ಲಿ ರಕ್ತ. ಮೂರನೆಯ ದಿನ ಸಾಸಿವೆಗಿಂತ ಕೊಂಚ ದೊಡ್ಡದೊಂದು ಕಲ್ಲು ತಾನಾಗಿಯೇ ಉದುರಿತು. ಅಂದಿನಿಂದ ಅವನು ಆ ವಿಷಯದಲ್ಲಿ ಪಂಡಿತ. ಡಿಪೋದಲ್ಲಿ ಯಾರಾದರೂ ಸೊಂಟ ಹಿಡಿದುಕೊಂಡರೆ ಸಾಕು, "ಕಲ್ಲು ಕಣಯ್ಯಾ, ನನ್ನ ಕೇಳು" ಎಂದು ಶುರು ಹಚ್ಚಿಕೊಳ್ಳುತ್ತಿದ್ದ. ಜೊತೆಯವರು ಅವನಿಗೆ ಕಲ್ಲಪ್ಪ ಎಂದು ಹೆಸರಿಟ್ಟರು. ಅವನು ಬೇಸರಪಡಲಿಲ್ಲ, ಬಿರುದು ಸಿಕ್ಕಿದವನಂತೆ ಹಿಗ್ಗಿದ.

ಹೆಂಡತಿ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿದ್ದಳು. ಕುದಿಯುವ ತೊಟ್ಟಿಗೆ ನೂಲಿನ ಲಡಿ ಇಳಿಸುವುದು, ಕೋಲಿನಿಂದ ಹೊರಳಿಸುವುದು, ಬಣ್ಣ ಸಮನಾಗಿ ಹಿಡಿಯಿತೇ ಎಂದು ಎತ್ತಿ ನೋಡುವುದು. ಹತ್ತೊಂಬತ್ತು ವರ್ಷದಿಂದ ಅದೇ. ಕೈಗವಸು ಕೊಡುತ್ತಿದ್ದರು, ಆದರೆ ಒಂದು ಹರಿದರೆ ಇನ್ನೊಂದು ಬರುವಷ್ಟರಲ್ಲಿ ಎರಡು ತಿಂಗಳು. ಅವಳ ಉಗುರಿನ ಬುಡ ನೋಡಿ ಆ ವಾರ ಯಾವ ಬಣ್ಣ ನಡೆಯುತ್ತಿದೆಯೆಂದು ಹೇಳಬಹುದಿತ್ತು.

ಅದೊಂದು ಮಂಗಳವಾರ ಊಟದ ಬಿಡುವಿನಲ್ಲಿ ಕಾರ್ಖಾನೆಯ ಪಾಯಿಖಾನೆಯಲ್ಲಿ ಕೂತವಳು ಏಳುವಾಗ ಕೆಳಗೆ ನೋಡಿದಳು. ಬಿಳಿ ಪಿಂಗಾಣಿಯ ಮೇಲೆ ಕೆಂಪು. ಆ ವಾರ ತೊಟ್ಟಿಯಲ್ಲಿದ್ದದ್ದೂ ಕೆಂಪೇ. ಕೈಯಿಂದಲೋ ಬಟ್ಟೆಯಿಂದಲೋ ತೊಟ್ಟಿಕ್ಕಿರಬೇಕೆಂದುಕೊಂಡು ನೀರು ಸುರಿದು ಬಂದಳು. ಗುರುವಾರ ತೊಟ್ಟಿ ತೊಳೆದು ನೀಲಿ ಶುರು ಮಾಡಿದರು. ಮೊಣಕೈವರೆಗೆ ನೀಲಿ. ಪಾಯಿಖಾನೆಯಲ್ಲಿ ಮಾತ್ರ ಮತ್ತೆ ಕೆಂಪು. ಮುಟ್ಟು ನಿಂತು ಎರಡು ವರ್ಷವಾಗಿತ್ತು.

ಸಂಜೆ ಗಂಡ ಬಾಗಿಲ ಬಳಿ ಬೂಟು ಬಿಚ್ಚುತ್ತಿದ್ದಾಗ ಹೇಳಿದಳು.

"ರೀ, ಉಚ್ಚೇಲಿ ರಕ್ತ ಹೋಗ್ತಾ ಇದೆ. ಮೂರು ದಿನ ಆಯ್ತು."

ಅವನ ಕಿವಿ ನೆಟ್ಟಗಾಯಿತು. ತನ್ನ ಪಾಠ ತಾನೇ ಹುಡುಕಿಕೊಂಡು ಮನೆಗೆ ಬಂದಿತ್ತಲ್ಲ. "ನೋವು?"

"ಒಂದಿಷ್ಟೂ ಇಲ್ಲ. ಅದಕ್ಕೇ ಭಯ ಆಗ್ತಿದೆ."

"ಅಯ್ಯೋ ಮಂಕೇ! ನೋವಿದ್ರೆ ಭಯ ಪಡ್ಬೇಕು. ನೋವೇ ಇಲ್ಲ ಅಂದ್ರೆ ಕಲ್ಲು ಇನ್ನೂ ಮರಳಿನಷ್ಟಿದೆ ಅಂತ. ನನ್ನದು ನೆನಪಿದೆಯಾ? ಜೀವ ಬಾಯಿಗೆ ಬಂದಿತ್ತು. ನಿನ್ನದು ಯಾವ ಮಹಾ! ನೀರು ಕುಡಿ."

"ಡಾಕ್ಟರಿಗೆ ತೋರಿಸ್ಲಾ?"

"ತೋರಿಸು, ಬೇಡ ಅಂದೋರು ಯಾರು? ಇಡೀ ದಿನ ಸಾಲಲ್ಲಿ ಕೂರಿಸಿ, ಕೊನೆಗೆ ಅವರು ಹೇಳೋದೂ ಇದನ್ನೇ. ನೀರು ಕುಡಿಯಮ್ಮಾ ಅಂತ."

ಬೇಡ ಎಂದಿದ್ದರೆ ಅವಳು ಜಗಳವಾಡಿಯಾದರೂ ಹೋಗುತ್ತಿದ್ದಳೇನೋ. "ಬೇಡ ಅಂದೋರು ಯಾರು" ಎಂಬ ಮಾತಿನ ಎದುರು ಜಗಳಕ್ಕೆ ಜಾಗವೇ ಇರಲಿಲ್ಲ. ಅವನು ತಾನೇ ದೊಡ್ಡ ಪಾತ್ರೆಯಲ್ಲಿ ಬಾರ್ಲಿ ಬೇಯಿಸಿ ಸೋಸಿ ಕೊಟ್ಟ. ಐದನೆಯ ದಿನಕ್ಕೆ ಉಚ್ಚೆ ತಿಳಿಯಾಯಿತು. "ಹೋಯ್ತಾ? ಹೇಳಿದ್ನಲ್ಲ" ಎಂದು ತೊಡೆ ತಟ್ಟಿಕೊಂಡ. ಮರುದಿನ ಡಿಪೋದಲ್ಲೂ ಹೇಳಿಕೊಂಡನಂತೆ.

ಎರಡು ತಿಂಗಳ ಮೇಲೆ ಮತ್ತೆ ಬಂತು. ಮತ್ತೆ ಹೇಳಿದಳು. "ಒಂದು ಬಂದ ದಾರೀಲಿ ಇನ್ನೊಂದು ಕಲ್ಲು, ಅಷ್ಟೆ" ಎಂದ. ಮತ್ತೆ ಬಾರ್ಲಿ. ಮತ್ತೆ ನಿಂತಿತು. ಮೂರನೆಯ ಸಲ ಅವನೇ ಔಷಧಿ ಅಂಗಡಿಗೆ ಹೋಗಿ, ಹೆಂಡತಿಗೆ ಕಲ್ಲಿನಿಂದ ಸೋಂಕಾಗಿದೆಯೆಂದು ಅಂಗಡಿಯವನಿಗೆ ತಾನೇ ವಿವರಿಸಿ, ಒಂದು ಪಟ್ಟಿ ಮಾತ್ರೆ ತಂದ. ನಾಲ್ಕು ದಿನ ನುಂಗಿದ್ದಕ್ಕೋ ಏನೋ, ಅದೂ ನಿಂತಿತು. ಈ ನಿಲ್ಲುವುದೇ ಮೋಸ ಮಾಡಿತು. ಬಂದು ಹೋಗುವವನನ್ನು ಯಾರೂ ಕಳ್ಳನೆನ್ನುವುದಿಲ್ಲ, ನೆಂಟನೆನ್ನುತ್ತಾರೆ. ನಿಜ ಹೇಳಬೇಕೆಂದರೆ ಅವಳಿಗೂ ನಂಬುವುದೇ ಬೇಕಾಗಿತ್ತು. ಕಲ್ಲೆಂದರೆ ಕಂಡದ್ದು, ಉದುರಿಹೋಗುವಂಥದ್ದು. ನಾಲ್ಕನೆಯ ಸಲ ಹೇಳಿದಾಗ ಅವನು ಟಿವಿಯಿಂದ ಕಣ್ಣು ಕೀಳದೆ "ಮತ್ತೆ ಅದೇ ರಾಗನಾ?" ಎಂದ. ಆಮೇಲೆ ಅವಳು ಹೇಳಲಿಲ್ಲ.

ಹನ್ನೊಂದನೆಯ ತಿಂಗಳಲ್ಲಿ ಮಾತು ತೂಕದಕ್ಕನ ಕಿವಿಗೆ ಬಿತ್ತು. ಕಾರ್ಖಾನೆಯಲ್ಲಿ ಬಣ್ಣದ ಪುಡಿ ತೂಗಿಕೊಡುವವಳಾದ್ದರಿಂದ ಆ ಹೆಸರು. ಮಾತನ್ನು ಮಾತ್ರ ತೂಗದೆ ಎಸೆಯುವವಳು.

"ನಿನ್ನ ಗಂಡ ಬಸ್ಸು ಓಡಿಸ್ತಾನೋ ಆಪರೇಷನ್ ಮಾಡ್ತಾನೋ?" ಎಂದಳು. "ಶನಿವಾರ ರಜೆ ಹಾಕು. ನಾನೂ ಬರ್ತೀನಿ."

ಶನಿವಾರದವರೆಗೆ ದೇಹ ಕಾಯಲಿಲ್ಲ. ಗುರುವಾರ ಬೆಳಿಗ್ಗೆಯಿಂದ ತಿಣುಕಿದರೂ ಒಂದು ಹನಿ ಉಚ್ಚೆ ಬರಲಿಲ್ಲ. ಹೆಪ್ಪುಗಟ್ಟಿದ ರಕ್ತ ದಾರಿಗೆ ಅಡ್ಡ ಕೂತಿತ್ತು. ಮಧ್ಯಾಹ್ನದ ಹೊತ್ತಿಗೆ ಕಿಬ್ಬೊಟ್ಟೆ ತಮಟೆಯಂತೆ ಬಿಗಿದು, ಅವಳು ತೊಟ್ಟಿಯ ಅಂಚು ಹಿಡಿದು ಕುಸಿದಳು. ತೂಕದಕ್ಕ ಯಾರನ್ನೂ ಕೇಳದೆ ನೂಲು ಸಾಗಿಸುವ ವ್ಯಾನಿಗೆ ಹತ್ತಿಸಿಕೊಂಡು ಆಸ್ಪತ್ರೆಗೆ ಹೊಡೆಸಿದಳು.

ಅಲ್ಲಿ ನಳಿಕೆ ಹಾಕಿ, ಸಿರಿಂಜಿನಿಂದ ನೀರು ತುಂಬಿ ತುಂಬಿ ತೊಳೆದರು. ರಕ್ತದ ಕಪ್ಪು ಹೆಪ್ಪುಗಳು ಬಂದವು. ಹೊಟ್ಟೆ ಸಡಿಲವಾದಾಗ ಅವಳಿಗೆ ಅಳುವೇ ಬಂತು, ಅಷ್ಟು ಹಾಯೆನಿಸಿತು. ಸ್ಕ್ಯಾನ್ ಮಾಡಿದರು. ಡಾಕ್ಟರಮ್ಮ ಕಾಗದ ಹಿಡಿದು ಬಂದಳು.

"ಕಲ್ಲು ಇಲ್ಲಮ್ಮ. ಎರಡು ಕಿಡ್ನೀಲೂ ಒಂದು ಕಾಳೂ ಇಲ್ಲ."

"ಹಾಗಾದ್ರೆ ಒಳ್ಳೇದೇ ಆಯ್ತಲ್ವಾ?" ಎಂದಳು ಇವಳು, ತೂಕದಕ್ಕನ ಕಡೆ ನೋಡಿ ನಗುತ್ತ.

ಡಾಕ್ಟರಮ್ಮ ಸ್ಟೂಲು ಎಳೆದುಕೊಂಡು ಕೂತಳು. ಅವಳು ಕೂತ ರೀತಿಗೇ ಇವಳ ನಗು ಆರಿತು.

"ಕಲ್ಲಾಗಿದ್ರೆ ಒಳ್ಳೇದಿತ್ತು. ಮೂತ್ರಕೋಶದಲ್ಲಿ ಒಂದು ಗಡ್ಡೆ ಬೆಳೆದಿದೆ. ಒಳಗೆ ಕ್ಯಾಮೆರಾ ಬಿಟ್ಟು ನೋಡ್ಬೇಕು, ಚೂರು ತೆಗೆದು ಪರೀಕ್ಷೆಗೆ ಕಳಿಸ್ಬೇಕು. ಏನು ಕೆಲಸ ಮಾಡ್ತೀರಿ?"

"ನೂಲಿಗೆ ಬಣ್ಣ ಹಾಕೋದು. ಹತ್ತೊಂಬತ್ತು ವರ್ಷ." ತೂಕದಕ್ಕ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು.

"ಅದರಿಂದಲೇ ಅಂತ ಹೇಳೋಕಾಗಲ್ಲ. ಅಲ್ಲ ಅಂತಾನೂ ಹೇಳೋಕಾಗಲ್ಲ" ಎಂದು ಡಾಕ್ಟರಮ್ಮ ಬರೆದುಕೊಂಡಳು.

ಗಂಡ ಯೂನಿಫಾರ್ಮಿನಲ್ಲೇ ಓಡಿ ಬಂದ. ಸುದ್ದಿ ಕೇಳಿ ಒಪ್ಪಲೇ ಇಲ್ಲ. "ಸರಿಯಾಗಿ ನೋಡಿ ಮೇಡಂ. ಕಲ್ಲು ಒಂದೊಂದ್ಸಲ ಮೂಲೇಲಿ ಅಡಗಿರುತ್ತೆ. ನನಗೂ ಮೊದಲನೇ ಸ್ಕ್ಯಾನಲ್ಲಿ ಕಂಡಿರ್ಲಿಲ್ಲ."

"ಕಲ್ಲಲ್ಲ. ಕಲ್ಲಲ್ಲೂ ರಕ್ತ ಬರುತ್ತೆ, ಇದರಲ್ಲೂ ಬರುತ್ತೆ. ನೋಡದೆ ಯಾವುದು ಅಂತ ಹೇಳೋಕಾಗಲ್ಲ. ಅದರಲ್ಲೂ ನೋವಿಲ್ಲದೆ ಬಂದ್ರೆ ಒಂದು ದಿನಾನೂ ಕಾಯ್ಬಾರದು." ಡಾಕ್ಟರಮ್ಮ ಇವಳ ಕಡೆ ತಿರುಗಿದಳು. "ಮೊದಲು ಕಂಡಿದ್ದು ಯಾವಾಗ?"

"ಹನ್ನೊಂದು ತಿಂಗಳಾಯ್ತು."

ಪೆನ್ನು ನಿಂತಿತು. "ಯಾರಿಗೂ ಹೇಳಲಿಲ್ವಾ?"

ಅವಳು ಗಂಡನ ಮುಖ ನೋಡಿದಳು. ಅವನು ಸ್ಕ್ಯಾನಿನ ಚಿತ್ರ ನೋಡುತ್ತಿದ್ದ. ಅದನ್ನೇ ನೋಡುತ್ತ ಹೇಳಿದ: "ಇವಳು ಹಾಗೇ ಮೇಡಂ. ಎಲ್ಲಾ ಒಳಗೇ ಇಟ್ಕೋತಾಳೆ."

ಪರರ ಎದುರು ಗಂಡನನ್ನು ಬಿಟ್ಟುಕೊಟ್ಟು ಅವಳಿಗೆ ಅಭ್ಯಾಸವಿರಲಿಲ್ಲ. ಡಾಕ್ಟರಮ್ಮ ಏನೋ ಬರೆದು ಎದ್ದಳು.

ಪರೀಕ್ಷೆಯ ವರದಿ ಬಂತು. ಗಡ್ಡೆ ಗೋಡೆಯ ಮಾಂಸದೊಳಕ್ಕೆ ಬೇರು ಬಿಟ್ಟಿತ್ತು. ಮೂತ್ರಕೋಶವನ್ನೇ ತೆಗೆಯಬೇಕು, ಹೊಟ್ಟೆಯ ಬಲಗಡೆ ದಾರಿ ಮಾಡಿ ಮೂತ್ರಕ್ಕೆ ಚೀಲ ಅಂಟಿಸಬೇಕು, ಬದುಕಿರುವಷ್ಟು ದಿನವೂ. ಮೊದಲೇ ಬಂದಿದ್ದರೆ ಗಡ್ಡೆಯನ್ನಷ್ಟೇ ಕೆರೆದು ತೆಗೆಯಬಹುದಿತ್ತೇನೋ ಎಂದರು. "ಏನೋ" ಎಂಬುದನ್ನು ಒತ್ತಿ ಹೇಳಿದರು, ಪಾಪ, ಸಮಾಧಾನಕ್ಕೆ.

ಆಪರೇಷನ್ನಿನ ಹಿಂದಿನ ದಿನ ಗಂಡನ ಅಕ್ಕ ಒಂದು ಚೀಲ ಕಿತ್ತಳೆ ಹಿಡಿದು ಬಂದಳು. ಅಕ್ಕನ ಮುಖ ಕಂಡದ್ದೇ ತಡ, ಅವನು ಮಗುವಿನ ಹಾಗೆ ಬಿಕ್ಕಿದ.

"ಒಂದು ಮಾತು ಹೇಳಿದ್ರೆ ನಾನು ಬಿಡ್ತಿದ್ನಾ ಅಕ್ಕಾ? ಹೊತ್ಕೊಂಡು ಬರ್ತಿರ್ಲಿಲ್ವಾ? ಹನ್ನೊಂದು ತಿಂಗಳು ಬಾಯೇ ಬಿಡ್ಲಿಲ್ಲ ಇವಳು."

ಈ ಸಲ ಅವಳಿಗೆ ಮಾತು ಬಂತು. "ಹೇಳಿದ್ದೆ ಅತ್ತಿಗೆ. ನಾಲ್ಕು ಸಲ ಹೇಳಿದ್ದೆ. ಕಲ್ಲು ಅಂದ್ರು."

ಅತ್ತಿಗೆ ಕಿತ್ತಳೆ ಸುಲಿಯುತ್ತಿದ್ದ ಕೈ ನಿಲ್ಲಿಸಲಿಲ್ಲ. "ಆಯ್ತು ಬಿಡಮ್ಮಾ. ಹೇಳಿದ್ದೋ ಬಿಟ್ಟಿದ್ದೋ, ಈಗ ಅವನ ಮೇಲೆ ಹೊರಿಸಿದ್ರೆ ಏನು ಬಂತು? ಮುಖ ನೋಡು ಅವನದು, ಸೊರಗಿ ಅರ್ಧ ಆಗಿದಾನೆ." ಸುಲಿದ ತೊಳೆಗಳನ್ನು ತಮ್ಮನ ಅಂಗೈಗೆ ಹಾಕಿದಳು. ಅವನು ಕಣ್ಣೊರೆಸಿಕೊಳ್ಳುತ್ತ ತಿಂದ.

ಆಪರೇಷನ್ ಆಯಿತು. ಅವಳು ಬದುಕಿದಳು. ಮನೆಗೆ ಬಂದ ಮೇಲೆ ಗಂಡ ಒಂದು ತಿಂಗಳು ರಜೆ ಹಾಕಿದ. ಅಡುಗೆ ಮಾಡಿದ, ನೆಲ ಒರೆಸಿದ, ಅವಳ ಬಟ್ಟೆ ಒಗೆದ. ಚೀಲ ಬದಲಿಸುವುದನ್ನು ನರ್ಸಿನಿಂದ ಅವಳಿಗಿಂತ ಮೊದಲು ಕಲಿತವನು ಅವನೇ. ಕೆಟ್ಟವನೆಂದು ಬೈದು ಹಗುರಾಗೋಣವೆಂದರೆ ಅದಕ್ಕೂ ಅವನು ಆಸ್ಪದ ಕೊಡಲಿಲ್ಲ. ಅವಳು ಕಾಯುತ್ತಿದ್ದದ್ದು ಮಾತ್ರ ಒಂದೇ ಮಾತಿಗೆ. ಅದು ಬರುವ ಲಕ್ಷಣ ಕಾಣದಾದಾಗ ಒಂದು ಮಧ್ಯಾಹ್ನ ನೇರವಾಗಿ ಕೇಳಿಬಿಟ್ಟಳು.

"ರೀ, ನಾನು ಹೇಳಿದ್ದು ನಿಮಗೆ ನಿಜವಾಗ್ಲೂ ನೆನಪಿಲ್ವಾ?"

ಅವನು ಟವೆಲ್ ಮಡಚುತ್ತಿದ್ದ. "ಏನೋ ಉರಿ ಅಂತ ಒಂದ್ಸಲ ಹೇಳಿದ್ದೆ. ರಕ್ತ ಅಂದಿದ್ರೆ ನಾನು ಸುಮ್ನಿರ್ತಿದ್ನಾ? ನನಗೆ ಗೊತ್ತಿಲ್ವಾ ರಕ್ತ ಅಂದ್ರೆ ಏನು ಅಂತ?"

ಇಪ್ಪತ್ತಾರು ವರ್ಷ ಅವನೊಂದಿಗೆ ಬಾಳಿದವಳು; ಸುಳ್ಳು ಹೇಳುವಾಗ ಅವನ ಕಣ್ಣುಗಳು ಎಲ್ಲಿಗೆ ಓಡುತ್ತವೆಂದು ಅವಳಿಗೆ ಗೊತ್ತಿತ್ತು. ಅವು ಎಲ್ಲಿಗೂ ಓಡಲಿಲ್ಲ. ಅವನು ನಂಬಿಬಿಟ್ಟಿದ್ದ. ಅವಳ ಹನ್ನೊಂದು ತಿಂಗಳನ್ನು ಅವನು ಒಗೆದು, ಹಿಂಡಿ, ಬೇರೆ ಬಣ್ಣದಲ್ಲಿ ಅದ್ದಿ ಒಣಹಾಕಿಯಾಗಿತ್ತು. ಆ ದಿನದಿಂದ ಅವಳಿಗೆ ಅವನ ಕೈಯ ಊಟ ಸೇರದಾಯಿತು. ತಿನ್ನದೆ ಬೇರೆ ದಾರಿ ಇರಲಿಲ್ಲ, ತಿಂದಳು.

ನಾಲ್ಕು ತಿಂಗಳ ಮೇಲೆ ಕೆಲಸ ಬಿಟ್ಟ ಕಾಗದಕ್ಕೆ ಸಹಿ ಹಾಕಲು ಕಾರ್ಖಾನೆಗೆ ಹೋದಳು. ಊಟದ ಬಿಡುವು. ಹೆಂಗಸರೆಲ್ಲ ಸುತ್ತುವರಿದರು. ಅವಳು ಮುಚ್ಚುಮರೆ ಮಾಡದೆ ಎಲ್ಲ ಹೇಳಿದಳು, ಪಾಯಿಖಾನೆಯ ಕೆಂಪಿನಿಂದ ಹಿಡಿದು ಪಕ್ಕೆಯ ಚೀಲದವರೆಗೆ. ಕೆಲವರು ತುತ್ತು ಕೆಳಗಿಟ್ಟರು. ಗೇಟಿನ ಬಳಿ ಒಬ್ಬಳು ಹಿಂದಿನಿಂದ ಓಡಿ ಬಂದಳು, ನೂಲು ಒಣಗಿಸುವವಳು, ಎರಡು ಮಕ್ಕಳ ತಾಯಿ.

"ಅಕ್ಕಾ, ನಂಗೂ ಹಾಗೇ ಆಗಿದೆ. ಎರಡು ಸಲ."

"ನೋವಿದೆಯಾ?"

"ಅಷ್ಟೇನಿಲ್ಲ. ಪಕ್ಕೆ ಒಂಚೂರು ಹಿಡಿದ ಹಾಗೆ. ಮನೇಲಿ ಹೇಳಿದ್ರೆ ಮೈ ಉಷ್ಣ ಅಂದ್ರು."

"ನಾಳೆ ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆ ಬಾಗಿಲಲ್ಲಿ ನಿಂತಿರ್ತೀನಿ. ಬರದಿದ್ರೆ ನಿನ್ನ ಮನೆಗೇ ಬರ್ತೀನಿ."

ಬಂದಳು. ಅದೇ ಡಾಕ್ಟರಮ್ಮ, ಅದೇ ಸ್ಕ್ಯಾನ್ ಕೋಣೆ. ಎರಡು ತಾಸು ಬೆಂಚಿನ ಮೇಲೆ ಕೂತು ಕಾದರು. ಒಣಗಿಸುವವಳ ಎಡ ಕಿಡ್ನಿಯಲ್ಲಿ ಏಳು ಮಿಲಿಮೀಟರಿನ ಕಲ್ಲಿತ್ತು. ಮೂತ್ರಕೋಶದಲ್ಲಿ ಏನೂ ಇರಲಿಲ್ಲ.

"ಕಲ್ಲಂತೆ ಅಕ್ಕಾ! ಬರೀ ಕಲ್ಲಂತೆ!" ಎಂದು ಅವಳು ಇವಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡು ಅತ್ತಳು. ಇವಳು ಬೆನ್ನು ಸವರಿದಳು. ಸವರುತ್ತಿದ್ದ ಕೈಗೆ ಗೊತ್ತಾಗದಂತೆ ಎದೆಯೊಳಗೆ ಏನೋ ಸುಟ್ಟಿತು. ಅವಳಿಗೆ ಸಿಕ್ಕಿತು, ನನಗೇಕೆ ಸಿಗಲಿಲ್ಲ ಒಂದು ಕಲ್ಲು? ಆ ಯೋಚನೆಗೆ ತಾನೇ ಹೆದರಿ, ಮಾತ್ರೆ ಕೊಡುವ ಕಿಟಕಿಯ ಸಾಲಿನಲ್ಲಿ ಹೋಗಿ ನಿಂತಳು. ಅವಳನ್ನು ಬಸ್ಸು ಹತ್ತಿಸುವವರೆಗೂ ಜೊತೆಗಿದ್ದಳು.

ಮನೆಯಲ್ಲಿ ಗಂಡ ಕೇಳಿದ, ಎಲ್ಲಿ ಹೋಗಿದ್ದೆ ಎಂದು. ಹೇಳಿದಳು. ಎಷ್ಟೋ ತಿಂಗಳ ಮೇಲೆ ಅವನ ಮುಖದಲ್ಲಿ ಹಳೆಯ ಕಳೆ ಬಂತು. ಕುರ್ಚಿಯಲ್ಲಿ ನೆಟ್ಟಗೆ ಕೂತ.

"ನೋಡಿದ್ಯಾ! ನಾನು ಅವತ್ತೇ ಹೇಳ್ಲಿಲ್ವಾ? ಉಚ್ಚೇಲಿ ರಕ್ತ ಅಂದ್ರೆ ಹೆಚ್ಚೂ ಕಮ್ಮಿ ಕಲ್ಲೇ ಅಂತ!"

ಅವಳು ಚಪ್ಪಲಿ ಬಿಡುತ್ತಿದ್ದವಳು ಹಾಗೇ ನಿಂತಳು.

"ಹೇಳಿದ್ರಿ" ಎಂದಳು. "ಯಾವತ್ತು ಹೇಳಿದ್ರಿ? ಯಾರಿಗೆ?"

ಅವನ ಮುಖದ ಬಣ್ಣ ಕೆಳಗಿಳಿಯುವುದು ಕಾಣುತ್ತಿತ್ತು. ಈಗ ಅವನ ಕಣ್ಣುಗಳು ಓಡಿದವು. ಬಾಗಿಲಿಗೆ, ಗಡಿಯಾರಕ್ಕೆ, ಅವಳ ಪಕ್ಕೆಗೆ. ಎದ್ದು ಬಚ್ಚಲಿಗೆ ಹೋಗಿ ಅಗುಳಿ ಹಾಕಿಕೊಂಡ. ನಲ್ಲಿ ಬಿಟ್ಟ ಸದ್ದು ಬಂತು, ನಿಲ್ಲಲಿಲ್ಲ.

ಇಷ್ಟು ತಿಂಗಳು ಕಾದಿದ್ದು ಕೈಗೆ ಬಂದಿತ್ತು. ಅದನ್ನು ಇಟ್ಟುಕೊಂಡು ಏನು ಮಾಡಬೇಕೆಂದು ಅವಳಿಗೆ ತೋಚಲಿಲ್ಲ. ಪಕ್ಕೆಯ ಚೀಲ ತುಂಬಿ ಭಾರವಾಗಿತ್ತು, ಖಾಲಿ ಮಾಡಬೇಕಿತ್ತು. ಒಳಗೆ ಅವನಿದ್ದ. ಅವಳು ಬಚ್ಚಲ ಬಾಗಿಲ ಹೊರಗೆ ಗೋಡೆಗೊರಗಿ, ಚೀಲದ ಅಡಿಗೆ ಅಂಗೈ ಕೊಟ್ಟುಕೊಂಡು ಕಾದಳು.