ಗಿದ್ಯೋನ ಮಾಸ್ತರು ಹೊಳೆ ದಾಟಿದ್ದು

ನಮ್ಮ ಮನೆಯವರು ಗಿದ್ಯೋನ ಮಾಸ್ತರು ವರ್ಷಕ್ಕೊಮ್ಮೆ ಅದೇ ಪ್ರಸಂಗ ಮಾಡುತ್ತಿದ್ದರು. ಹೊನ್ನಾವರದ ನಮ್ಮ ಕ್ರೈಸ್ತ ಸಭೆ ಎಂದರೆ ಎಂಟು ಮನೆ. ಕುಮಟೆಯಿಂದ ಪಾದ್ರಿ ಅಯ್ಯನವರು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು ಆರಾಧನೆ ನಡೆಸುವರು, ಉಳಿದ ಭಾನುವಾರಗಳು ಇವರ ಪಾಲಿಗೆ. ಪ್ರವಾದಿ ಯೆಶಾಯನ ಆರನೇ ಅಧ್ಯಾಯದ ಎಂಟನೇ ವಚನವೆಂದರೆ ಇವರಿಗೆ ಪ್ರಾಣ. ಯಾರನ್ನು ಕಳುಹಿಸಲಿ ಎಂದು ದೇವರು ಕೇಳುತ್ತಾನೆ. ಇಗೋ, ನಾನಿದ್ದೇನೆ, ನನ್ನನ್ನು ಕಳುಹಿಸು ಎನ್ನುತ್ತಾನೆ ಪ್ರವಾದಿ. ಇಷ್ಟಕ್ಕೆ ಇವರು ಮುಕ್ಕಾಲು ಗಂಟೆ ತೆಗೆದುಕೊಳ್ಳುವರು. ‘ಇಗೋ’ ಎನ್ನುವಾಗ ಬಲಗೈ ಮೇಲೆ ಹೋಗುತ್ತದೆ, ಧ್ವನಿ ನಡುಗುತ್ತದೆ. “ಎಲ್ಲಿಗೆ ಎಂದು ಅವನು ಕೇಳಲಿಲ್ಲ, ಗಮನಿಸಿ!” ಎಂದು ಮೊದಲ ಬೆಂಚಿನಲ್ಲಿ ಕೂತ ನನ್ನ ಮುಖಕ್ಕೇ ಹೇಳುವರು. ಅದೇ ಬೆಳಿಗ್ಗೆ ಒಂದು ಸೇರು ಉಪ್ಪು ತನ್ನಿ ಎಂದರೆ ಯಾವ ಅಂಗಡಿಯಿಂದ, ಈಗಲೇ ಬೇಕೋ, ಸಂಜೆಯಾದರೆ ಆಗದೋ ಎಂದು ನಾಲ್ಕು ಪ್ರಶ್ನೆ ಕೇಳಿದ ಮನುಷ್ಯ.

ಇನ್ನೊಂದು ಸಂಗತಿ ಊರಿಗೆಲ್ಲ ಗೊತ್ತಿತ್ತು. ಮಾಸ್ತರು ದೋಣಿ ಹತ್ತುವುದಿಲ್ಲ. ಆಗ ಹೊನ್ನಾವರದಲ್ಲಿ ಶರಾವತಿಗೆ ಸೇತುವೆ ಇರಲಿಲ್ಲ, ಆಚೆ ದಡದ ಕಾಸರಕೋಡಿಗೆ ಹೋಗಬೇಕಾದರೂ ದೋಣಿಯೇ. ನನ್ನ ತವರು ಅದಕ್ಕಿಂತ ಮುಂದೆ, ಭಟ್ಕಳದಲ್ಲಿ. ನನ್ನನ್ನು ನೋಡಲು ಇವರ ಬದಲು ಇವರ ಅಣ್ಣ ಬಂದಿದ್ದರು. ಮದುವೆಗೆ ನಮ್ಮವರೇ ಗಂಟುಮೂಟೆ ಕಟ್ಟಿಕೊಂಡು ಹೊಳೆ ದಾಟಿ ಬಂದರು. ಹನ್ನೊಂದು ವರ್ಷವಾದರೂ ಅಳಿಯ ಮಾವನ ಮನೆಯ ಬಾಗಿಲು ಕಂಡಿಲ್ಲ. “ನನಗೆ ಗಂಡ ಇದ್ದಾನೆ ಎಂಬುದನ್ನೇ ಭಟ್ಕಳದಲ್ಲಿ ಯಾರೂ ನಂಬುವುದಿಲ್ಲ” ಎಂದು ನಾನು ಚುಚ್ಚುವುದು, “ರಜೆ ಸಿಕ್ಕಲಿ, ನೋಡುವ” ಎಂದು ಇವರು ಪೇಪರು ಬಿಡಿಸುವುದು, ನಮ್ಮ ಸಂಸಾರ ಹೀಗೇ ಸುಖವಾಗಿ ನಡೆದಿತ್ತು.

ಅರವತ್ತೊಂದನೇ ಇಸವಿ, ಮಳೆ ಬಿಟ್ಟ ಮೇಲಿನ ಮೊದಲ ಆರಾಧನೆ. ಅಯ್ಯನವರು ಪ್ರಾರ್ಥನೆ ಮುಗಿಸಿ ಒಂದು ಮಾತು ಹೇಳಿದರು. ನಡುಗಡ್ಡೆ ಮಾವಿನಕುರ್ವೆಯ ಒಂದು ಕೇರಿಯಲ್ಲಿ ಇಪ್ಪತ್ತಮೂರು ಮಕ್ಕಳು ಶಾಲೆಯಿಲ್ಲದೆ ಇದ್ದಾರೆ. ಸಭೆಯವರು ಚಪ್ಪರ ಹಾಕಿಸಿ, ಹಲಗೆ ಕೊಡುತ್ತಾರೆ. ದಿನಾ ದೋಣಿಯಲ್ಲಿ ಹೋಗಿ ಬರುವ ಒಬ್ಬ ಮಾಸ್ತರು ಬೇಕು. ತಿಂಗಳೊಳಗೆ ಯಾರೂ ಒಪ್ಪದಿದ್ದರೆ ಶಾಲೆ ಬೇರೆ ಊರಿನ ಪಾಲು. “ಯಾರನ್ನು ಕಳುಹಿಸಲಿ?” ಎಂದರು. ಬೇಕೆಂದೇ ಹಾಗೆ ಕೇಳಿದರೋ ಏನೋ, ಅಯ್ಯನವರೂ ಸಾಮಾನ್ಯರಲ್ಲ. ಎಂಟೂ ಮನೆಯವರು ಒಟ್ಟಿಗೆ ನಮ್ಮ ಬೆಂಚಿನತ್ತ ತಿರುಗಿದರು. ಮಾಸ್ತರು ಹಾಡಿನ ಪುಸ್ತಕದಲ್ಲಿ ಬಹಳ ಜರೂರಾದದ್ದೇನನ್ನೋ ಹುಡುಕತೊಡಗಿದರು.

“ದೇವರು ಕರೆದರೆ ನಾನು ಹೋಗದೆ ಇರುತ್ತೇನೆಯೇ?” ಎಂದರು ಮನೆಗೆ ಬಂದ ಮೇಲೆ. “ಈಗ ಕರೆದದ್ದು ಅಯ್ಯನವರು. ದೇವರ ಕರೆ ಹೌದೋ ಅಲ್ಲವೋ ಎಂಬುದಕ್ಕೆ ಒಂದು ಗುರುತು ಬೇಡವೇ?”

ಬೈಬಲಿನ ಗಿದ್ಯೋನನೂ ಹೀಗೆಯೇ. ಯುದ್ಧಕ್ಕೆ ಹೋಗು ಎಂದು ದೇವರು ಹೇಳಿದರೆ, ಕಣದಲ್ಲಿ ಉಣ್ಣೆ ಹಾಸಿ, ಒಂದು ರಾತ್ರಿ ಉಣ್ಣೆ ಮಾತ್ರ ಒದ್ದೆಯಾಗಲಿ, ಇನ್ನೊಂದು ರಾತ್ರಿ ನೆಲ ಮಾತ್ರ ಒದ್ದೆಯಾಗಲಿ ಎಂದು ದೇವರಿಗೇ ಪರೀಕ್ಷೆ ಇಟ್ಟವ. ನಮ್ಮ ಅತ್ತೆ ಮಾವ ಮಗುವಿನ ಮುಖ ನೋಡಿಯೇ ಹೆಸರಿಟ್ಟಿರಬೇಕು.

“ಬಾಲಕ ಸಮುವೇಲನನ್ನು ದೇವರು ಮೂರು ಸಲ ಕರೆದ ಮೇಲೇ ಅದು ದೇವರ ಕರೆ ಎಂದು ತಿಳಿದದ್ದು” ಎಂದು ಸೇರಿಸಿದರು. “ಇನ್ನೆರಡು ಸಲ ಬರಲಿ.”

ತಮಾಷೆ ಇರುವುದು ಇಲ್ಲೇ. ನಮ್ಮ ಕಡೆ ಮುಸ್ಸಂಜೆಗೆ ಯಾರಾದರೂ ಹೊರಗಿನಿಂದ ಹೆಸರು ಹಿಡಿದು ಕೂಗಿದರೆ ಮೊದಲ ಕೂಗಿಗೆ ಓಗೊಡುವುದಿಲ್ಲ. ದೆವ್ವ ಮೂರು ಸಲ ಕೂಗುವುದಿಲ್ಲವಂತೆ, ಮೂರನೆಯದಕ್ಕೆ ಓ ಎನ್ನಬಹುದು. ಇದು ಮೂಢನಂಬಿಕೆ ಎಂದು ಮೀನು ಮಾರುವ ದುರ್ಗಿಯನ್ನು ನಮ್ಮ ಅಂಗಳದಲ್ಲೇ ನಿಲ್ಲಿಸಿ ಪಾಠ ಮಾಡಿದವರು ಇವರೇ. ದುರ್ಗಿಯ ಮನೆ ಮಾವಿನಕುರ್ವೆಯಲ್ಲಿ. ದಿನಾ ಬುಟ್ಟಿ ಹೊತ್ತು ಹೊಳೆ ದಾಟಿ ಬರುತ್ತಾಳೆ.

ಮಾರನೇ ದಿನ ಬಂದವಳು ಬುಟ್ಟಿ ಇಳಿಸುವ ಮೊದಲೇ ಕೇಳಿದಳು. “ಮಾಸ್ತರು ನಮ್ಮ ಬದಿಗೆ ಬರ್ತ್ರಂತೆ, ಹೌದಾ ಸರೋಜಮ್ಮ? ನಮ್ಮ ಮೊಮ್ಮಗಳು ಗಣಪಿಗೆ ಎಂಟು ವರ್ಷ ಆತು. ಇನ್ನೂ ಬಳಪ ಹಿಡೀಲಿಲ್ಲ.”

ಮಾಸ್ತರು ಜಗಲಿಯಲ್ಲೇ ಇದ್ದರು, ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. “ಕರೆ ಇನ್ನೆರಡು ಸಲ ಬರಬೇಕು ದುರ್ಗೀ.”

“ಎಂತಕ್ಕೆ?”

ಸಮುವೇಲನ ಕತೆ ಪೂರ್ತಿ ಹೇಳಿದರು. ನಾನು ಮೀನು ಹೆರೆದು, ತೊಳೆದು, ಉಪ್ಪು ಹಚ್ಚಿ ಬಂದರೂ ಮುಗಿದಿರಲಿಲ್ಲ. ದುರ್ಗಿ ಎಲೆ ಅಡಿಕೆ ಜಗಿಯುತ್ತ ಎಲ್ಲ ಕೇಳಿದಳು.

“ಮೂರು ಸಲ ಕಾಯೂದು ಗುರ್ತಿಲ್ದೇ ಇದ್ದವ್ರ ಕೂಗಿಗೆ, ಮಾಸ್ತರೇ. ನಾ ದಿನಾ ಬಂದು ಕೂಗ್ತೆ, ಅಮ್ಮ ಮೂರು ಸಲ ಕಾಯ್ತ್ರಾ? ಒಂದೇ ಕೂಗಿಗೆ ಬಾಗ್ಲು ತೆಗೀತ್ರು. ನೀವು ಸಣ್ಣಿರುವಾಗಿಂದ ಆ ದೇವ್ರ ಪುಸ್ತಕ ಓದ್ತ್ರಿ. ಅವನ ದನಿ ಗುರ್ತು ನಿಮಗೆ ಇನ್ನೂ ಆಗ್ಲಿಲ್ವಾ?”

ನಾನು ಗೊಳ್ಳೆಂದು ನಕ್ಕುಬಿಟ್ಟೆ. ಆದರೆ ದುರ್ಗಿ ನಗಲಿಲ್ಲ. ಅವಳು ಚುಚ್ಚಿದ್ದಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದ್ದಳು. ಮಾಸ್ತರು ಎದ್ದು ಒಳಗೆ ಹೋದರು. ಅಂದು ಮಧ್ಯಾಹ್ನ ಮೀನಿನ ಸಾರು ಮುಟ್ಟಲಿಲ್ಲ. ಸಂಜೆ ಅಯ್ಯನವರಿಗೆ ಒಂದು ಕಾರ್ಡು ಬರೆದು, ತಾವೇ ಹೋಗಿ ಟಪಾಲಿಗೆ ಹಾಕಿ ಬಂದರು.

ಹದಿನೈದು ದಿನದಲ್ಲಿ ಚಪ್ಪರ ಎದ್ದಿತು. ಶಾಲೆ ಸುರುವಾಗುವ ಸೋಮವಾರ ಇವರು ಇಸ್ತ್ರಿ ಮಾಡಿದ ಕೋಟು ಹಾಕಿ, ಕೊಡೆ ಹಿಡಿದು, “ಮೊದಲ ದಿನ ಒಂದು ನೀನೂ ಬಾ” ಎಂದರು. ಕರೆಯದಿದ್ದರೂ ನಾನು ಬಿಡುತ್ತಿರಲಿಲ್ಲ. ಹೊಸ ಸೀರೆ ಉಟ್ಟೆ. ಹೊಳೆಯ ಮೇಲೆ ಆಡಬೇಕಾದ ಕೊಂಕು ಮಾತುಗಳನ್ನು ವಾರದಿಂದ ಕೂಡಿಟ್ಟುಕೊಂಡಿದ್ದೆ. ಬಂದರಿನಲ್ಲಿ ಆ ದಿನ ಏನೂ ಕೆಲಸವಿಲ್ಲದವರೆಲ್ಲ ಕೆಲಸವಿದ್ದವರ ಹಾಗೆ ನಿಂತಿದ್ದರು.

ದೋಣಿಯ ಅಣ್ಣಪ್ಪ ಕೈಹಿಡಿದು ಹತ್ತಿಸಿದ. ಮಾಸ್ತರು ನಟ್ಟನಡುವೆ ಕೂತು ಕಣ್ಣು ಮುಚ್ಚಿದರು. ದಡ ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಸಮುದ್ರದ ಉಬ್ಬರದ ನೀರು ಎದುರಾಗಿ ದೋಣಿ ಹೊಯ್ದಾಡಿತು. ಇವರ ಕೈ ಬಂದು ನನ್ನ ಮಣಿಕಟ್ಟು ಹಿಡಿಯಿತು. ತಣ್ಣಗಿತ್ತು, ಬಳೆ ಚುಚ್ಚುವಷ್ಟು ಬಿಗಿಯಾಗಿತ್ತು. ಹನ್ನೊಂದು ವರ್ಷ ಗೇಲಿ ಮಾಡಿದ್ದೇನೆ, ಈ ಹೆದರಿಕೆ ಯಾಕೆ ಎಂದು ಒಮ್ಮೆಯೂ ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು.

ಅಣ್ಣಪ್ಪ ಹುಟ್ಟು ಹಾಕುವುದನ್ನು ನಿಲ್ಲಿಸಿದ. “ಮಾಸ್ತರೇ, ತಿರುಗ್ಸಲಾ? ಇನ್ನೂ ಅರ್ಧ ಹೊಳೆ ಆಗ್ಲಿಲ್ಲ. ನಾ ಯಾರ ಹತ್ರಾನೂ ಎಂತದೂ ಹೇಳೂದಿಲ್ಲ.”

ಇವರು ಕಣ್ಣು ಬಿಟ್ಟು ನೀರನ್ನು ನೋಡಿದರು. ಆಚೆ ದಡದಲ್ಲಿ ಮಕ್ಕಳು ಸಾಲಾಗಿ ನಿಂತದ್ದು ಕಾಣುತ್ತಿತ್ತು.

“ನನಗೆ ಬಹಳ ಹೆದರಿಕೆ ಆಗ್ತದೆ ಅಣ್ಣಪ್ಪ” ಎಂದರು. “ತಿರುಗಿಸಬೇಡ.”

ಯೆಶಾಯನ ಆ ಅಧ್ಯಾಯವನ್ನು ನಾನೂ ಓದಿದ್ದೇನೆ. ‘ಇಗೋ’ ಎನ್ನುವುದಕ್ಕೆ ಮೂರೇ ವಚನ ಮೊದಲು ಆ ಪ್ರವಾದಿ ‘ಅಯ್ಯೋ’ ಎಂದು ಕೂಗಿಕೊಂಡಿದ್ದಾನೆ. ಇವರು ಪ್ರತಿ ವರ್ಷ ಅದನ್ನು ಹಾರಿಸಿ ಮುಂದೆ ಹೋಗುತ್ತಿದ್ದರು. ಈಗ ಹೊಳೆಯ ನಡುವೆ ಎರಡನ್ನೂ ಒಟ್ಟಿಗೆ ಹೇಳಿದರು, ಕೈ ಮೇಲೆತ್ತದೆ, ಮುಕ್ಕಾಲು ಗಂಟೆ ತೆಗೆದುಕೊಳ್ಳದೆ.

ನಾನು ಕೂಡಿಟ್ಟ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಅಣ್ಣಪ್ಪ ಮತ್ತೆ ಹುಟ್ಟು ಹಾಕಿದ. ಮಾವಿನಕುರ್ವೆ ಇನ್ನೇನು ಬಂತು ಎನ್ನುವಾಗ ಇವರು ನನ್ನ ಹೊಸ ಸೀರೆಯ ಮೇಲೆಯೇ ವಾಂತಿ ಮಾಡಿಕೊಂಡರು. ಮದುವೆಯಾದಂದಿನಿಂದ ಇವರ ಮೇಲೆ ಅಷ್ಟು ಪ್ರೀತಿ ನನಗೆ ಯಾವತ್ತೂ ಬಂದಿರಲಿಲ್ಲ.