ಬೇಗಂ ಮಶೀನು

ಮೂರನೆಯ ಸಲವೂ ಹಾಡು ಹಿಂದಕ್ಕೇ ಹೊರಟಿತು.

ಅಮೀನಸಾಬ ರೆಕಾರ್ಡ್ ಮಶೀನಿನ ಮುಳ್ಳನ್ನು ಪ್ಲೇಟಿನ ಮೇಲೆ ಮೆತ್ತಗೆ ಇಳಿಸಿದ್ದ. ಪ್ಲೇಟು ತಿರುಗಬೇಕಾದ ಕಡೆಗೇ ತಿರುಗುತ್ತಿತ್ತು. ಮೂಲೆಯ ಸ್ಪೀಕರ್ ಬಾಕ್ಸಿನೊಳಗೆ ಮಾತ್ರ ಸೋಬಾನೆ ಹಾಡುತ್ತಿದ್ದ ಹೆಂಗಸರು ಉಸಿರನ್ನು ಒಳಗೆಳೆದುಕೊಳ್ಳುತ್ತ, ಮಾತನ್ನು ತುದಿಯಿಂದ ನುಂಗುತ್ತ ಹಾಡಿನ ಮೊದಲಿಗೆ ಬಂದು ಮುಟ್ಟಿ ಸುಮ್ಮನಾದರು. ಪ್ಲೇಟು ತಿರುಗುತ್ತಲೇ ಇತ್ತು.

"ನಿನ್ನ ಕಂಪ್ಯೂಟರಿಗೆ ತಲಿ ನೆಟ್ಟಗಿಲ್ಲ," ಎಂದ ಅಮೀನಸಾಬ, ಹೆಗಲ ಮೇಲಿನ ಟಾವೆಲಿನಿಂದ ಪ್ಲೇಟು ಒರೆಸುತ್ತ.

"ಒರಸಬ್ಯಾಡ್ರಿ ಅಬ್ಬಾ. ಬೆಳಿಗ್ಗಿಂದ ಹತ್ತ ಸಲ ಒರಸೀರಿ." ನಿಶಾತ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. "ಅದ ಕಂಪ್ಯೂಟರ್, ಅದ ಪ್ಲೇಟು, ಅದ ಹಾಡು. ಬಾಜೂಕಿನ ಆ ಎರಡನೇ ಮಶೀನ ಮ್ಯಾಲೆ ಇಟ್ರ ಸರಿ ಬರತೈತಿ, ನಿಮ್ಮ ಮಶೀನ ಮ್ಯಾಲೆ ಇಟ್ರ ಹಿಂದಕ್ಕ ಓಡತೈತಿ. ಹಂಗಂದ್ರ ತಪ್ಪು ಎಲ್ಲೈತಿ, ನೀವ ಹೇಳ್ರಿ."

"ಆ ಸಾಫ್ಟ್‌ವೇರು ಪುಕ್ಕಟ ಸಿಕ್ಕದ್ದು. ಯಾರೋ ಎಲ್ಲೋ ಕುಂತು ಬರದು ಬಿಟ್ಟಾರ. ರೊಕ್ಕ ಕೊಟ್ಟು ತಂದಿದ್ರ ಹಿಂಗ ಮಾಡ್ತಿತ್ತೇನು?"

"ಪುಕ್ಕಟ ಅಷ್ಟ ಅಲ್ಲ. ಬರದದ್ದನ್ನ ಎಲ್ಲಾರ ಮುಂದ ಬಿಚ್ಚಿ ಇಟ್ಟಾರ. ಯಾರ ಬೇಕಾದ್ರೂ ಓದಬಹುದು, ತಿದ್ದಬಹುದು."

"ಹಂಗಾರ ಯಾರೋ ತಿದ್ದಿ ಕೆಡಿಸ್ಯಾರ," ಎಂದು ಅವನು ಪ್ಲೇಟನ್ನು ಮತ್ತೆ ಒರೆಸಿದ.

ಆ ಪ್ಲೇಟಿನಲ್ಲಿ ಹಾಡೇ ಇರಲಿಲ್ಲ. ಕಿವಿ ಚುಚ್ಚುವಂಥ ಕೀರಲು ದನಿಯೊಂದು ಮೊದಲಿನಿಂದ ಕೊನೆಯವರೆಗೆ ತುಂಬಿತ್ತು. ಮುಳ್ಳು ಅದನ್ನು ಲ್ಯಾಪ್‌ಟಾಪಿಗೆ ಮುಟ್ಟಿಸುತ್ತಿತ್ತು. ಪ್ಲೇಟು ಎಷ್ಟು ಜೋರಾಗಿ, ಯಾವ ಕಡೆಗೆ ತಿರುಗುತ್ತಿದೆ ಎಂಬುದನ್ನು ಸಾಫ್ಟ್‌ವೇರು ಆ ದನಿಯಿಂದಲೇ ತಿಳಿದುಕೊಂಡು, ಲ್ಯಾಪ್‌ಟಾಪಿನಲ್ಲಿರುವ ಹಾಡನ್ನು ಹಾಗೆಯೇ ನಡೆಸಬೇಕಿತ್ತು. ಬೆರಳಿಟ್ಟು ಪ್ಲೇಟು ಹಿಡಿದರೆ ಹಾಡು ನಿಲ್ಲಬೇಕು, ಬಿಟ್ಟರೆ ಹೊರಡಬೇಕು. ವಿದ್ಯಾನಗರದ ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸ ಮಾಡುವ ನಿಶಾತ ಎರಡು ತಿಂಗಳು ಹುಡುಕಿ ಇದನ್ನು ಹೊಂದಿಸಿದ್ದಳು.

ಬೆರಳಿಟ್ಟು ಹಿಡಿಯುವುದು, ಬಿಡುವುದು, ಅಮೀನಸಾಬನಿಗೆ ಜೀವಮಾನದ ಕೆಲಸ. ಸುಳ್ಳ ಎಂಬ ಹಳ್ಳಿಯಿಂದ ಬಂದು ಪಟ್ಟಣದ ಕಮರಿಪೇಟೆಯಲ್ಲಿ ಮನೆ ಮಾಡಿದಾಗಿನಿಂದ ಸುತ್ತಿನ ಹಳ್ಳಿಗಳ ಮದುವೆಗಳಲ್ಲಿ ಅವನೇ ಹಾಡು ಹಚ್ಚುತ್ತಿದ್ದ. ಮರಕ್ಕೆ ಲೌಡ್‌ಸ್ಪೀಕರಿನ ಹಾರ್ನು ಕಟ್ಟಿ, ತಾನು ಹಂದರದ ಮೂಲೆಯಲ್ಲಿ ಕೂತು, ಎರಡು ಬೆರಳಿನಿಂದ ಪ್ಲೇಟನ್ನು ಹಿಡಿದಿಟ್ಟುಕೊಂಡು ಮದುಮಕ್ಕಳ ಕಡೆ ನೋಡುತ್ತಿದ್ದ. ಅಕ್ಷತೆಯ ಮೊದಲ ಅಕ್ಕಿಕಾಳು ಬೀಳಲಿಕ್ಕೂ ಬೆರಳು ಬಿಡಲಿಕ್ಕೂ ಒಂದೇ ಆಗುತ್ತಿತ್ತು. ಅಣ್ಣನ ಮಗ ಅಸದ ದೊಡ್ಡ ಬಾಕ್ಸು, ಲ್ಯಾಪ್‌ಟಾಪು ತಂದು ಧಂದೆ ವಹಿಸಿಕೊಂಡ ಮೇಲೆ ಪ್ಲೇಟುಗಳು ಅಟ್ಟ ಸೇರಿದವು. ನಾಲ್ಕು ವರ್ಷದಿಂದ ಅಮೀನಸಾಬ ಮದುವೆಗೆ ಹೋಗುವ ಟೆಂಪೋ ಹತ್ತಿರಲಿಲ್ಲ. ಮನೆಯಲ್ಲಿ ಕೂತು, ಕೆಡದ ಫ್ಯಾನು ಬಿಚ್ಚಿ ಕೆಡಿಸುತ್ತಿದ್ದ.

ಆಮೇಲೆ ಸುಳ್ಳದ ಶಂಭುಲಿಂಗನ ಫೋನು ಬಂದಿತ್ತು. ಅವನೂ ಅಮೀನಸಾಬನೂ ಒಂದೇ ಸಾಲೆಯ ಕಟ್ಟೆಯ ಮೇಲೆ ಆಡಿ ಬೆಳೆದವರು. ಶಂಭುಲಿಂಗನ ಮಗಳು ವಾಣಿಶ್ರೀಯ ಮದುವೆ.

"ನೀನ ಬರಬೇಕು. ನಮ್ಮವ್ವ ಹಾಡಿದ್ದು ಕ್ಯಾಸೆಟ್ಟಿನ್ಯಾಗ ಐತಿ, ಅದನ್ನ ಹಚ್ಚಬೇಕು. ಮೊನ್ನಿ ನಮ್ಮ ತಮ್ಮನ ಮಗನ ಮದುವ್ಯಾಗ ನಿಮ್ಮ ಅಸದನ ಹಾಡು ಬರೂದ್ರಾಗ ಮಂದಿ ಊಟಕ್ಕ ಕುಂತಿದ್ರು."

"ನನ್ನ ಮಶೀನ ನಡದ್ರ ಬರ್ತೇನಿ. ಬಟನ್ ಒತ್ತಾಕ ಬರಂಗಿಲ್ಲ," ಎಂದಿದ್ದ ಅಮೀನಸಾಬ. ಅದಕ್ಕೇ ನಿಶಾತ ಕ್ಯಾಸೆಟ್ಟಿನ ಹಾಡನ್ನು ಲ್ಯಾಪ್‌ಟಾಪಿಗೆ ಇಳಿಸಿದ್ದಳು.

ನಾಳೆ ಬೆಳಿಗ್ಗೆ ಅಕ್ಕಿಕಾಳು. ಇವತ್ತು ನಾಲ್ಕಕ್ಕೆ ಅಸದನ ಟೆಂಪೋ ಹೊರಡುತ್ತದೆ. ಆಗಲೇ ಎರಡೂವರೆ.

"ಹಂಗಾರ ಒಂದ ಮಶೀನ ಒಯ್ಯೋಣ," ಎಂದಳು ನಿಶಾತ. "ಆ ಇನ್ನೊಂದು ಛಲೋ ನಡ್ಯಾಕತ್ತೈತೆಲ್ಲಾ. ಅಕ್ಕಿಕಾಳಿಗೆ ಅದನ್ನ ಇಟ್ಕೋರಿ."

ಅಮೀನಸಾಬ ಅವಳ ಕಡೆ ನೋಡಿದ. "ಅಕ್ಕಿಕಾಳಿಗೆ ಬೇಗಂ ಮಶೀನು?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಒಮ್ಮೆ ನಿಂತು ಮತ್ತೆ ಶುರುವಾಯಿತು.

ಆ ಹೆಸರು ಬಿದ್ದು ಮೂವತ್ತೆಂಟು ವರ್ಷವಾಗಿತ್ತು. ಎರಡನೆಯ ಮಶೀನು ಮುಂಬಯಿಯಿಂದ ಬಂದ ವಾರವೇ ಅಮೀನಸಾಬ ಹುಣಸೆಮರಕ್ಕೆ ಹಾರ್ನು ಕಟ್ಟಲು ಹೋಗಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದ. ಮುಳ್ಳಿನ ಹಿಂದಿನ ನಾಲ್ಕು ಕೂದಲೆಳೆಯಂಥ ವೈರುಗಳನ್ನು ಸಿಕ್ಕಿಸಿದವಳು ಅವನ ಹೆಂಡತಿ ದಾವಲಬಿ. ಏಳನೆಯ ತನಕ ಓದಿದ್ದ ಅವಳು ಡಬ್ಬಿಯೊಳಗಿನ ಕಾಗದ ಬಿಡಿಸಿ, ಚಿತ್ರ ನೋಡಿ, ಇಂಗ್ಲಿಷಿನ ಎಲ್ ಯಾವುದು, ಆರ್ ಯಾವುದು ಎಂದು ಅಕ್ಷರ ಕೂಡಿಸಿ ಓದಿಯೇ ವೈರು ಹಾಕಿದ್ದಳು. ಓದು ಬಾರದ ಅಮೀನಸಾಬ ತನ್ನ ಮಶೀನಿಗೆ ಅಂದಾಜಿನ ಮೇಲೆ ಹಾಕಿದ್ದ. ಎರಡೂ ಹಾಡುತ್ತಿದ್ದವು. ಆದರೂ ಬೀಗರು ಬರುವಾಗ, ಮಂದಿ ಊಟಕ್ಕೆ ಕೂತಾಗ ಬೇಗಂ ಮಶೀನು, ಅಕ್ಕಿಕಾಳಿಗೆ ತನ್ನದು. ಯಾರಾದರೂ ಕೇಳಿದರೆ, "ಅದು ಹೆಣ್ಮಕ್ಕಳ ವೈರಿಂಗ್‌ರಿ, ಯಾವಾಗ ಕೈ ಕೊಡತೈತೋ," ಎಂದು ನಗಿಸುತ್ತಿದ್ದ.

ನಿಶಾತ ಲ್ಯಾಪ್‌ಟಾಪು ಎತ್ತಿಕೊಂಡು ಮಾಳಿಗೆಗೆ ಹೋದಳು. ಮನೆಯೊಳಗೆ ನೆಟ್‌ವರ್ಕು ಸಿಗುತ್ತಿರಲಿಲ್ಲ. ಅಲ್ಲದೆ ಇನ್ನು ಐದು ನಿಮಿಷ ಅಲ್ಲೇ ಇದ್ದರೆ ತಾನು ಏನಾದರೂ ಅಂದುಬಿಡುವುದು ಖಾತ್ರಿಯಿತ್ತು.

ಬೆಳಿಗ್ಗೆ ಆ ಸಾಫ್ಟ್‌ವೇರು ಬಳಸುವವರ ಗುಂಪಿಗೆ ಅವಳು ಬರೆದಿದ್ದಳು. ಯಾವ ದೇಶದವನೋ, ಹೆಸರಷ್ಟೇ ಕಾಣುವ ಒಬ್ಬ ಮನುಷ್ಯನ ಉತ್ತರ ಬಂದಿತ್ತು. ನಮಸ್ಕಾರವಿಲ್ಲ, ಏನಿಲ್ಲ, ಎರಡು ಸಾಲು. ಹಾಡು ಹಿಂದಕ್ಕೆ ಓಡುತ್ತಿದ್ದರೆ ಎಡ ಬಲದ ವೈರುಗಳು ಅದಲುಬದಲಾಗಿವೆ. ಮುಳ್ಳಿನ ಹಿಂದೆ ನೋಡಿ.

ಅವಳು ಅದನ್ನು ಎರಡು ಸಲ ಓದಿದಳು. ದಾವಲಬಿ ಮೇಲೆ ಬಂದು ಒಣಹಾಕಿದ್ದ ಸಂಡಿಗೆ ಬಿಡಿಸತೊಡಗಿದ್ದಳು.

"ಅಮ್ಮೀ, ಅಬ್ಬಾನ ಮಶೀನಿನ್ಯಾಗ ವೈರು ತಪ್ಪಿ ಕುಂತಾವ. ಮೊದಲಿಂದ್ಲೂ."

ದಾವಲಬಿಯ ಕೈ ನಿಂತಿತು. "ಇಷ್ಟ ವರ್ಷ ಹಾಡ್ತಿತ್ತೆಲ್ಲಾ?"

"ಹಾರ್ನಿಗೆ ಒಂದ ಬಾಯಿ. ಎಡ ಬಲ ಎರಡೂ ಕೂಡೇ ಬರತಿತ್ತು, ಯಾರಿಗೂ ತಿಳದಿಲ್ಲ. ಈ ಪ್ಲೇಟಿನ್ಯಾಗ ಯಾವುದು ಎಡ, ಯಾವುದು ಬಲ ಅನ್ನೂದ್ರ ಮ್ಯಾಲೇ ಹಿಂದ ಮುಂದ ತಿಳೀತೈತಿ."

"ಮತ್ತ ಇನ್ನೊಂದರಾಗ?"

"ನಿಂದು ಸರಿ ಐತಿ."

ದಾವಲಬಿ ಒಂದು ಸಂಡಿಗೆ ಬಿಡಿಸಿ ಬುಟ್ಟಿಗೆ ಹಾಕಿದಳು. "ಕಾಗದ ಓದಿ ಹಾಕಿದ್ದೆ ನಾ," ಎಂದಳು. "ಹೋಗು, ಅವರಿಗೆ ಹೇಳು."

"ಈಗ ಬ್ಯಾಡ. ಹೇಳಿದ್ರ ಅವರು ಟೆಂಪೋ ಹತ್ತಂಗಿಲ್ಲ. ನಿನಗ ಗೊತ್ತಿಲ್ಲೇನು ಅವರ ಸ್ವಭಾವ? ಸಾಫ್ಟ್‌ವೇರಿನ್ಯಾಗ ಒಂದ ಸಾಲು ಬದಲ ಮಾಡ್ತೇನಿ. ಆ ಮಶೀನಿಂದ ಬಂದ ಎಡಾನ ಬಲ ಅನ್ನು, ಬಲಾನ ಎಡ ಅನ್ನು ಅಂತ. ಅವರು ಕಂಪ್ಯೂಟರದ್ದ ತಪ್ಪಂತ ತಿಳ್ಕೊಳ್ಳಲಿ, ಹೋಗಿ ಬರಲಿ. ಮದುವಿ ಮುಗದ ಮ್ಯಾಲೆ ನಾನ ಹೇಳ್ತೇನಿ."

"ನಿಮ್ಮ 'ಮುಗದ ಮ್ಯಾಲೆ' ನನಗ ಗೊತ್ತೈತಿ." ದಾವಲಬಿ ಒಂದು ಸಂಡಿಗೆಯನ್ನು ಬೇಕಿಲ್ಲದಷ್ಟು ಜೋರಾಗಿ ಕಿತ್ತಳು. "ಮಂದ್ಯಾಗ ಬೇಗಂ ಮಶೀನು, ಬೇಗಂ ಮಶೀನು ಅಂತ ನಗಸ್ಕೊಂಡಾಕಿ ನಾನು. ತಪ್ಪು ತಿದ್ದವರಿಲ್ಲ, ಮುಚ್ಚವರು ಬೇಕಾದಷ್ಟು ಮಂದಿ ಅದೀರಿ ಈ ಮನ್ಯಾಗ."

ನಿಶಾತಳಿಗೆ ವಾದಿಸುವಷ್ಟು ಹೊತ್ತಿರಲಿಲ್ಲ. ಅವಳು ಸಾಲು ಹುಡುಕಿ ಬದಲಿಸಿದಳು. ಮೊದಲ ಸಲ ಒಂದು ಚುಕ್ಕೆ ತಪ್ಪಿತು. ಎರಡನೆಯ ಸಲ ಸರಿಯಾಯಿತು. ಕೆಳಗಿಳಿದಾಗ ಮೂರೂಮುಕ್ಕಾಲು. ಬಾಗಿಲ ಮುಂದೆ ಟೆಂಪೋ ನಿಂತಿತ್ತು. ಅಸದ ಹೊಸ್ತಿಲಲ್ಲಿ ನಿಂತು ಮೊಬೈಲು ನೋಡುತ್ತಿದ್ದ.

"ಚಾಚಾ, ಬಾಕ್ಸೆಲ್ಲಾ ಏರಿಸೇನಿ. ನಿಮ್ಮ ಮಶೀನು ಒಯ್ಯಲೋ, ಬಿಡಲೋ, ಒಂದ ಹೇಳ್ರಿ. ನನ್ನ ಲ್ಯಾಪ್‌ಟಾಪ್ ಅಂತೂ ಗಾಡ್ಯಾಗ ಐತಿ."

"ತಡಿ," ಎಂದಳು ನಿಶಾತ. ವೈರು ಸಿಕ್ಕಿಸಿದಳು. "ಹಚ್ರಿ ಅಬ್ಬಾ. ಈಗ ಸರಿ ಬರತೈತಿ."

"ಬರತೈತಿ," ಎಂದ ಅಮೀನಸಾಬನೂ. ಬೆಳಿಗ್ಗೆಯಿಂದ ಅವನು ಅವಳ ಮಾತಿಗೆ ಹೂಂ ಅಂದದ್ದು ಇದೇ ಮೊದಲು. ಅವಳಿಗೆ ಅದು ವಿಚಿತ್ರವೆನಿಸಿತಾದರೂ ತಡೆದು ಕೇಳಲಿಲ್ಲ. ಅವನು ಪ್ಲೇಟು ಹಿಡಿದು, ಮುಳ್ಳಿಳಿಸಿ, ಬೆರಳು ಬಿಟ್ಟ.

ಹೆಂಗಸರು ಉಸಿರನ್ನು ಒಳಗೆಳೆದುಕೊಂಡರು. ಹಾಡು ಹಿಂದಕ್ಕೆ ಓಡಿತು.

"ಇದು ಹಿಂಗ ಆಗಬಾರದಿತ್ತು," ಎಂದರು ಅಪ್ಪ, ಮಗಳು ಇಬ್ಬರೂ ಒಟ್ಟಿಗೆ.

ಅಸದ ಮೊಬೈಲಿನಿಂದ ಕಣ್ಣು ತೆಗೆದ.

"ಯಾಕ ಆಗಬಾರದಿತ್ತು?" ಅಮೀನಸಾಬ ಮಗಳ ಕಡೆ ತಿರುಗಿದ. "ನೀ ಏನ ಮಾಡಿದಿ?"

"ನೀವೇನ ಮಾಡಿದ್ರಿ?"

"ಮೊದಲ ನೀ ಹೇಳು."

"ನೀವ ಹೇಳ್ರಿ."

"ಇಬ್ಬರೂ ತಿದ್ದೀರಿ." ದಾವಲಬಿ ಸಂಡಿಗೆಯ ಬುಟ್ಟಿಯೊಂದಿಗೆ ಮೆಟ್ಟಿಲ ಕೆಳಗೆ ನಿಂತು, ಮಶೀನಿನ ಬದಿಗೆ ಬಿದ್ದಿದ್ದ ಸ್ಕ್ರೂಡ್ರೈವರನ್ನು ನೋಡುತ್ತಿದ್ದಳು. "ಒಬ್ಬರಿಗೊಬ್ಬರು ಹೇಳದ ಇಬ್ಬರೂ ತಿದ್ದೀರಿ. ಆಕಿ ಸಾಫ್ಟ್‌ವೇರಿನ್ಯಾಗ, ನೀವು ಮುಳ್ಳಿನ ಹಿಂದ. ಎರಡ ಸಲ ತಿರುವಿದ್ರ ಅಲ್ಲೇ ಬಂದು ನಿಲ್ಲತೈತಿ."

ನಿಶಾತ ನೆಲದ ಮೇಲೆ ಕೂತು ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. ಅಮೀನಸಾಬ ತಿರುಗುತ್ತಿದ್ದ ಪ್ಲೇಟಿನ ಮೇಲೆ ಬೆರಳಿಟ್ಟು ನಿಲ್ಲಿಸಿದ.

"ನೀ ಮ್ಯಾಲೆ ಹೋದಿ," ಎಂದ ಮಗಳಿಗೆ, ತಗ್ಗಿದ ದನಿಯಲ್ಲಿ. "ಅದ ಪ್ಲೇಟು, ಅದ ಹಾಡು ಅಂದೆಲ್ಲಾ, ಆ ಮಾತು ತಲ್ಯಾಗ ಕುಂತಿತು. ಎರಡೂ ಮುಳ್ಳು ಬಿಚ್ಚಿ ಟಾವೆಲಿನ ಮ್ಯಾಲೆ ಬಾಜೂಕ ಬಾಜೂಕ ಇಟ್ಟೆ. ಒಂದರಾಗ ಬಿಳೇ ವೈರು ಈ ಕಡೆ, ಇನ್ನೊಂದರಾಗ ಆ ಕಡೆ." ಸ್ವಲ್ಪ ತಡೆದ. "ಆಕೀದು ನೋಡಿ ನಂದು ಹಾಕಿದೆ."

ದಾವಲಬಿ ಬುಟ್ಟಿಯನ್ನು ಇನ್ನೊಂದು ಬಗಲಿಗೆ ಬದಲಿಸಿಕೊಂಡಳು. ನಿಶಾತ ಲ್ಯಾಪ್‌ಟಾಪು ಎಳೆದುಕೊಂಡು, ಬರೆದಿದ್ದ ಸಾಲನ್ನು ಅಳಿಸಿದಳು. ಈ ಸಲ ಅಮೀನಸಾಬ ಬೆರಳು ಬಿಟ್ಟಾಗ ಶಂಭುಲಿಂಗನ ಅವ್ವ ಮೊದಲ ಮಾತಿನಿಂದಲೇ ಹಾಡಿದಳು. ಹಿಂದಿನ ಹೆಂಗಸರು ಕೂಡಿಕೊಂಡರು. ಅವನು ಒಂದು ನುಡಿ ಮುಗಿಯುವ ತನಕ ಕೇಳಿ ಮುಳ್ಳೆತ್ತಿದ.

"ಅಸದ, ಮಶೀನ ಒಯ್ಯಿ. ನಿಶಾತ ನಡಸ್ತಾಳ. ನಾ ಬರಂಗಿಲ್ಲ."

"ಅಬ್ಬಾ..."

"ವೈರು ಎಲ್ಲೈತಿ ಗೊತ್ತಿಲ್ಲದವ ಹೋಗಿ ಏನ ಮಾಡ್ಲಿ ಅಲ್ಲಿ?"

"ಶಂಭುಲಿಂಗಪ್ಪಾರ ಮದುವ್ಯಾಗ ಅಕ್ಕಿಕಾಳಿಗೆ ನಿಮ್ಮ ಬೆರಳು ತಪ್ಪಿತ್ತೇನ್ರಿ?" ಎಂದಳು ದಾವಲಬಿ.

"ಇಲ್ಲ."

"ಬ್ಯಾರೆ ಯಾರ ಮದುವ್ಯಾಗರೆ?"

ಅವನು ಯೋಚಿಸಿದ. "ಇಲ್ಲ."

"ಮತ್ತ ಏಳ್ರಿ. ಅಂಗಿ ಬದಲ ಮಾಡ್ರಿ, ಎಣ್ಣಿ ಆಗೈತಿ." ಅವಳು ಬುಟ್ಟಿ ಇಟ್ಟು ಮೊಳೆಗೆ ತೂಗುಹಾಕಿದ್ದ ಬುರ್ಖಾ ತೆಗೆದುಕೊಂಡಳು. "ನಾನೂ ಬರ್ತೇನಿ."

"ನೀ ಯಾಕ?"

"ನನ್ನ ಮಶೀನ ಹೊಂಟೈತೆಲ್ಲಾ, ಅದಕ್ಕ."

ಅಸದ ನಕ್ಕ. ಚಾಚಾ ನಗಲಿಲ್ಲವೆಂದು ಕಂಡು ಮಶೀನು ಎತ್ತಲು ಒಳಗೆ ಹೋದ.

ನಾಲ್ಕೂವರೆಗೆ ಟೆಂಪೋ ಹೊರಟಿತು. ನಿಶಾತ ಲ್ಯಾಪ್‌ಟಾಪಿನ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಸ್ಕೂಟರಿನಲ್ಲಿ ಹಿಂದಿನಿಂದ ಬಂದಳು. ಊರು ದಾಟಿದ ಮೇಲೆ ಎರಡೂ ಕಡೆ ಬಿರುಕು ಬಿಟ್ಟ ಕರಿನೆಲ, ಅಲ್ಲಲ್ಲಿ ಒಟ್ಟಿದ ಹತ್ತಿಕಟ್ಟಿಗೆ. ಟೆಂಪೋದ ಎಡಬಾಗಿಲಿನ ಚಿಲಕ ಸರಿಯಿರಲಿಲ್ಲ. ಅಮೀನಸಾಬ ಕಿಟಕಿಯಿಂದ ಕೈ ಹೊರಗೆ ಹಾಕಿ ಬಾಗಿಲನ್ನು ಹೊರಗಿನಿಂದ ಹಿಡಿದುಕೊಂಡಿದ್ದ. ರಸ್ತೆ ಕುಲುಕಿದಾಗಲೆಲ್ಲ ಆ ಬೆರಳುಗಳು ಬಿಗಿಯಾಗುತ್ತಿದ್ದವು.

ಬಾಕ್ಸುಗಳ ನಡುವಿನ ಸಂದಿಯಲ್ಲಿ, ಹಿಂದಿನ ಗಾಜಿನಾಚೆ, ಎರಡು ತಲೆ ಕಾಣುತ್ತಿದ್ದವು. ದಾವಲಬಿ ಅಮೀನಸಾಬನ ಕಡೆ ತಿರುಗಿ ಕೂತು ಏನೋ ಹೇಳುತ್ತಿದ್ದಳು. ಮೂವತ್ತೆಂಟು ವರ್ಷದ ಲೆಕ್ಕ ಒಪ್ಪಿಸುವವಳಂತೆ ಒಮ್ಮೆ ಒಂದು ಬೆರಳು ಮೇಲೆದ್ದಿತು, ಆಮೇಲೆ ಎರಡು. ಅವನು ಮುಂದಿನ ರಸ್ತೆಯನ್ನೇ ನೋಡುತ್ತ, ಆಗಾಗ ಹೌದೆಂದು ತಲೆಯಾಡಿಸುತ್ತಿದ್ದ. ಸುಳ್ಳ ಇನ್ನೂ ಐದಾರು ಕಿಲೋಮೀಟರು ಇತ್ತು. ಅವಳು ಹೇಳುತ್ತಲೇ ಇದ್ದಳು. ಅವನು ಬಾಗಿಲು ಹಿಡಿದೇ ಇದ್ದ.